ಲೆಕ್ಕಕ್ಕೆ ಸಿಗದ ನಡಿಗೆ

ಅಡುಗೆಮನೆಯಲ್ಲಿ ಪಾವು, ಸೇರು, ಚಮಚ ಎಂದು ಅಳತೆಗಳಿರುವ ಹಾಗೆ ನಗರ ಯೋಜನೆ ಮಾಡುವವರಿಗೂ ಅವರದೇ ಅಳತೆಗಳಿವೆ, ಅವರದೇ ಶಬ್ದಗಳಿವೆ. ಭೂಬಳಕೆ, ವಲಯ, ಟ್ರಿಪ್, ಪೀಕ್ ಅವರ್, ಪಿಸಿಯು. ಇವೆಲ್ಲ ಎಂಜಿನಿಯರುಗಳ ಮಾತು, ನಮಗೇಕೆ ಎಂದು ನಾವು ಪತ್ರಿಕೆಯ ಪುಟ ಮಗುಚುತ್ತೇವೆ. ಆದರೆ ನಮ್ಮ ಬೀದಿಗೆ ಫುಟ್‌ಪಾತ್ ಬೇಕೋ ಬೇಡವೋ, ಮಧ್ಯಾಹ್ನದ ಬಸ್ಸು ಇರಬೇಕೋ ಬೇಡವೋ ಎಂಬುದೆಲ್ಲ ತೀರ್ಮಾನವಾಗುವುದು ಈ ಶಬ್ದಗಳಲ್ಲೇ. ಹಾಗಾಗಿ ಒಂದು ಕಾದಂಬರಿಯನ್ನು ಓದಿ ವಿಮರ್ಶಿಸುವಂತೆ ಈ ಪದಕೋಶವನ್ನೂ ಓದಿ ನೋಡಬೇಕೆನ್ನಿಸಿತು. ಓದಿದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಈ ಕಥೆಯಲ್ಲಿ ಹೆಂಗಸರೆಲ್ಲಿ?

ಮೊದಲು ಪಿಸಿಯು ಎಂಬುದನ್ನೇ ನೋಡಿ. ಬಿಡಿಸಿ ಹೇಳಿದರೆ ಪ್ಯಾಸೆಂಜರ್ ಕಾರ್ ಯೂನಿಟ್. ರಸ್ತೆಯಲ್ಲಿ ಬಗೆಬಗೆಯ ವಾಹನಗಳು ಓಡುತ್ತವಲ್ಲ, ಅವನ್ನೆಲ್ಲ ಕೂಡಿಸಿ ಲೆಕ್ಕ ಹಾಕಲು ಒಂದು ಸಮಾನ ಅಳತೆ ಬೇಕು. ಆ ಅಳತೆಗೋಲು ಕಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಾರು 1 ಆದರೆ ಸೈಕಲ್ಲು 0.4ರಿಂದ 0.5, ಬಸ್ಸು 2.2ರಿಂದ 3.7, ಕೈಗಾಡಿ 2ರಿಂದ 3. ತರಕಾರಿ ಮಾರುವವಳ ತಳ್ಳುಗಾಡಿ ಎರಡು ಮೂರು ಕಾರಿಗೆ ಸಮನಾದ ಅಡಚಣೆ! ಐವತ್ತು ಜನ ತುಂಬಿದ ಬಸ್ಸೂ ಅಷ್ಟೆ, ಮೂರು ಚಿಲ್ಲರೆ ಕಾರು. ಇದು ವಾಹನ ಹಿಡಿಯುವ ಜಾಗದ ಲೆಕ್ಕವೇ ಹೊರತು ಮನುಷ್ಯರ ಬೆಲೆಯ ಲೆಕ್ಕವಲ್ಲ ಎಂದು ಎಂಜಿನಿಯರುಗಳು ಹೇಳುತ್ತಾರೆ. ಒಪ್ಪೋಣ. ಆದರೆ ರಸ್ತೆ ಅಗಲ ಮಾಡಬೇಕೆಂಬ ವಾದಕ್ಕೆ ಆಧಾರವಾಗುವುದು ಇದೇ ಲೆಕ್ಕ. ಒಳಗೆ ಕುಳಿತವರು ಒಬ್ಬರೋ ಐವತ್ತು ಮಂದಿಯೋ ಎಂದು ಅದು ಕೇಳುವುದಿಲ್ಲ. ಕಾಲ್ನಡಿಗೆಯಲ್ಲಿ ಹೋಗುವವಳಿಗಂತೂ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ವಾಹನಗಳಿಗಿಂತ ಜನರ ಸಂಚಾರ ಮುಖ್ಯವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ವಸತಿ ಪ್ರದೇಶದಲ್ಲಿಯೂ ಫುಟ್‌ಪಾತಿನ ಮೇಲೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗವಿರಬೇಕೆಂದು 2012ರ ಮಾರ್ಗಸೂಚಿ ಹೇಳಿತು. ನೀತಿಗಳಿಗೆ ಕೊರತೆಯಿಲ್ಲ. ನಮ್ಮ ನಮ್ಮ ಊರಿನ ಬೀದಿಯಲ್ಲಿ ಟೇಪು ಹಿಡಿದು ನೋಡಿದರೆ ಉಳಿದದ್ದು ತಿಳಿಯುತ್ತದೆ.

ಇನ್ನು ಟ್ರಿಪ್. ಇಲ್ಲಿಂದ ಅಲ್ಲಿಗೆ, ಒಂದು ಉದ್ದೇಶಕ್ಕೆ ಹೋದರೆ ಅದೊಂದು ಟ್ರಿಪ್. ಮನೆಯಿಂದ ಆಫೀಸು, ಆಫೀಸಿನಿಂದ ಮನೆ ಎಂದು ಗೆರೆ ಎಳೆದಂತೆ ಓಡಾಡುವವರಿಗೆ ಇದು ಚೆನ್ನಾಗಿ ಒಪ್ಪುತ್ತದೆ. ನಮ್ಮ ಓಡಾಟ ಹಾಗಿರುತ್ತದೆಯೆ? ಮಗುವನ್ನು ಶಾಲೆಗೆ ಬಿಟ್ಟು, ದಾರಿಯಲ್ಲಿ ಕರೆಂಟ್ ಬಿಲ್ಲು ಕಟ್ಟಿ, ಅತ್ತೆಯ ಮಾತ್ರೆ ತೆಗೆದುಕೊಂಡು, ಸೊಪ್ಪು ಕೊಂಡು ಮನೆ ಸೇರುವವಳದು ಎಷ್ಟು ಟ್ರಿಪ್ಪು, ಯಾವ ಉದ್ದೇಶ? ಅವಳು ಹೊರಡುವ ಹೊತ್ತು ಹನ್ನೊಂದು ಗಂಟೆ; ಪೀಕ್ ಅವರ್ ಮುಗಿದಿದೆ ಎಂದು ಬಸ್ಸುಗಳು ವಿರಳವಾಗುವ ಹೊತ್ತು. 2011ರ ಜನಗಣತಿಯಲ್ಲಿ, ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಹೊಲದ ಕೆಲಸದವರನ್ನೂ ಮನೆಯಲ್ಲೇ ಕಸುಬು ಮಾಡುವವರನ್ನೂ ಹೊರಗಿಟ್ಟು ಉಳಿದ ದುಡಿಯುವವರನ್ನಷ್ಟೇ ಕೇಳಿದರು. ಗೃಹಿಣಿಯ ಸುದ್ದಿಯೇ ಬೇಡ.

ಸ್ಪೇನಿನ ವಾಸ್ತುಶಿಲ್ಪಿ, ಪ್ರಾಧ್ಯಾಪಕಿ ಇನೆಸ್ ಸಾಂಚೆಸ್ ದೆ ಮದರಿಯಾಗ ಎಂಬಾಕೆ ಇದಕ್ಕೊಂದು ಹೆಸರು ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಆರೈಕೆಯ ಓಡಾಟ’. ಸಮೀಕ್ಷೆಗಳಲ್ಲಿ ಈ ಓಡಾಟವನ್ನು ಖರೀದಿ, ಜೊತೆಗೆ ಹೋಗುವುದು, ಸ್ವಂತ ಕೆಲಸ, ತಿರುಗಾಟ ಎಂದು ಚೂರುಚೂರಾಗಿ ಹಂಚಿಬಿಡುತ್ತಾರೆ. ಹಾಗಾಗಿ ಪ್ರತಿಯೊಂದೂ ಕ್ಷುಲ್ಲಕವಾಗಿ ಕಾಣುತ್ತದೆ. ಒಂದೇ ಹೆಸರಿನಡಿ ತಂದರೆ ಅದು ಕೆಲಸದ ಪ್ರಯಾಣದ ಪಕ್ಕದಲ್ಲಿ ನಿಲ್ಲುವಷ್ಟು ದೊಡ್ಡದು ಎಂಬುದು ಅವರ ವಾದ. ಹೆಸರಿಲ್ಲದ್ದಕ್ಕೆ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದಕ್ಕೆ ರಸ್ತೆಯಲ್ಲಿ ಜಾಗವಿಲ್ಲ.

ವಲಯ ಎಂಬ ಪದದ ಕಥೆ ಬೇರೆ. ಮಹಾಯೋಜನೆಯ ನಕ್ಷೆಯಲ್ಲಿ ಸಾಮಾನ್ಯವಾಗಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ರಂಗೋಲಿಯಷ್ಟು ಚೆಂದ. ಆದರೆ ಹಳದಿ ಬಣ್ಣದೊಳಗೆ ಹಪ್ಪಳ ಲಟ್ಟಿಸುವವಳು, ರವಿಕೆ ಹೊಲಿಯುವವಳು, ಟ್ಯೂಷನ್ ಹೇಳುವವಳು ಯಾವ ಬಣ್ಣ? ನಮ್ಮಲ್ಲಿ ಮೈಸೂರು ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ರೂಪುಗೊಂಡದ್ದು 1961ರಲ್ಲಿ. ಅದೇ ವರ್ಷ ನ್ಯೂಯಾರ್ಕಿನ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು ತನ್ನ ಪುಸ್ತಕದಲ್ಲಿ ಈ ಬಣ್ಣ ವಿಂಗಡಣೆಯನ್ನೇ ತರಾಟೆಗೆ ತೆಗೆದುಕೊಂಡಳು. ಮನೆ, ಅಂಗಡಿ, ಕಸುಬು ಬೆರೆತಿರುವ ಬೀದಿಯಲ್ಲಿ ಸದಾ ಯಾರಾದರೂ ನೋಡುತ್ತಿರುತ್ತಾರೆ, ಆದ್ದರಿಂದಲೇ ಅದು ಕ್ಷೇಮ ಎಂದಳು. ಮೂಲೆಯಂಗಡಿಯ ದೀಪ ಆರಿದ ಮೇಲೆ ಬಸ್ಸಿಳಿದು ಬರುವ ಯಾವ ಹೆಂಗಸಿಗೂ ಇದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಹಾಗೆಂದು ಬೆರೆಸಿದ್ದೆಲ್ಲ ಪಾಯಸವಾಗುವುದಿಲ್ಲ. ಬೆಂಗಳೂರಿನಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಮಹಾಯೋಜನೆ ಮಿಶ್ರ ಬಳಕೆಗೆ ಧಾರಾಳವಾಗಿ ಬಾಗಿಲು ತೆರೆದಾಗ, ವಸತಿ ಬೀದಿಗಳಿಗೆ ಪಬ್ಬು, ಪಾರ್ಕಿಂಗ್ ಬಂದವೆಂದು ನಿವಾಸಿಗಳು ಜಗಳಕ್ಕೆ ನಿಂತರು. ದಿನಸಿ ಅಂಗಡಿಗೂ ಪಬ್ಬಿಗೂ ‘ವಾಣಿಜ್ಯ’ ಎಂಬ ಒಂದೇ ಪದ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕೆಲವು ಪದಗಳು ನಗುನಗುತ್ತಲೇ ಮೋಸ ಮಾಡುತ್ತವೆ. ಸ್ಕೈವಾಕ್ ಅಂಥದ್ದು. ‘ಪಾದಚಾರಿ ಸೌಲಭ್ಯ’ ಎಂದು ಅದಕ್ಕೆ ಹೆಸರು. ಮಂಡಿನೋವಿನ ಅಜ್ಜಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಇಳಿದರೆ ಸೌಲಭ್ಯವಾಗುವುದು ಯಾರಿಗೆ? ಕೆಳಗೆ ನಿಲ್ಲದೆ ಓಡುವ ಕಾರಿಗೆ!

ಇವೆಲ್ಲ ಬರೀ ಶಬ್ದದ ಜಗಳವೆಂದು ತಳ್ಳಿಹಾಕುವವರು 2023ರ ಜೂನ್ 11ರ ನಂತರದ ದಿನಗಳನ್ನು ನೆನಪಿಸಿಕೊಳ್ಳಲಿ. ಶಕ್ತಿ ಯೋಜನೆ ಬಂದು, ಹೆಂಗಸರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣ ಕೊಡದೆ ಓಡಾಡತೊಡಗಿದರು. ಆಗ ಎಷ್ಟು ಹಾಸ್ಯ, ಎಷ್ಟು ಕುಹಕ! ಕೆಲಸವಿಲ್ಲದೆ ತಿರುಗುತ್ತಾರಂತೆ, ಮನೆ ಬಿಟ್ಟು ದೇವಸ್ಥಾನ ಸುತ್ತುತ್ತಾರಂತೆ. ಯೋಜನೆಯ ಖರ್ಚು, ಬಸ್ಸುಗಳ ಕೊರತೆ, ನೂಕುನುಗ್ಗಲು ಇವನ್ನು ಪ್ರಶ್ನಿಸುವುದು ನ್ಯಾಯವೇ. ಆದರೆ ಈ ಗೇಲಿ ಹುಟ್ಟಿದ್ದು ಹಳೆಯ ಪದಕೋಶದಿಂದ. ಅದರಲ್ಲಿ ಗಂಡಸಿನದು ಪ್ರಯಾಣ, ಹೆಂಗಸಿನದು ತಿರುಗಾಟ. ಕಂಡಕ್ಟರು ಹರಿದುಕೊಡುವ ಆ ಶೂನ್ಯ ದರದ ಟಿಕೆಟ್ಟಿನ ದೊಡ್ಡ ಉಪಕಾರ ನನ್ನ ದೃಷ್ಟಿಯಲ್ಲಿ ಹಣ ಉಳಿಸಿದ್ದಷ್ಟೇ ಅಲ್ಲ. ನಿಗಮಗಳಿಗೆ ಹಣ ತುಂಬಿಕೊಡಲಿಕ್ಕಾದರೂ ಸರ್ಕಾರ ಹೆಣ್ಣಿನ ಪ್ರತಿ ಬಸ್ ಪ್ರಯಾಣವನ್ನೂ ಎಣಿಸಬೇಕಾಯಿತು. ಅದೇ ಬಸ್‌ಸ್ಟ್ಯಾಂಡಿನವರೆಗೆ ಅವಳು ನಡೆದದ್ದನ್ನು ಮಾತ್ರ ಈಗಲೂ ಯಾರೂ ಎಣಿಸುತ್ತಿಲ್ಲ.

ನಮ್ಮ ಪಟ್ಟಣಗಳಿಗೂ ಮಹಾಯೋಜನೆಗಳಾಗುತ್ತವೆ. ಆಕ್ಷೇಪಣೆಗಳಿದ್ದರೆ ಲಿಖಿತವಾಗಿ ಸಲ್ಲಿಸಿ ಎಂಬ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದನ್ನು ನಾವು ಓದಬೇಕು. ನಾಲ್ಕು ಜನ ಸೇರಿ ಕಚೇರಿಗೆ ಹೋಗಿ ನಕ್ಷೆ ನೋಡಬೇಕು. ಅವರ ಶಬ್ದಗಳನ್ನು ಕಲಿತರೆ ಅವರದೇ ಭಾಷೆಯಲ್ಲಿ ಪ್ರಶ್ನೆ ಕೇಳಬಹುದು: ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ನಡೆದು ಹೋಗುವವರನ್ನು ಎಣಿಸಿದ್ದೀರಾ, ಸ್ವಾಮಿ? ಎಣಿಸಿದ್ದರೆ ಆ ಪುಟ ತೋರಿಸಿ.