ಪ್ರಶಸ್ತಿ, ಪ್ರಯೋಗ, ಪ್ರಮಾಣ: ಸ್ವತಂತ್ರ ವಿಡಿಯೋ ಆಟಗಳ ಪುರಸ್ಕಾರಗಳನ್ನು ಕುರಿತ ಒಂದು ವಿಮರ್ಶೆ

ಆಟವೆಂಬುದು ಕಾಲಹರಣದ ಸಾಧನವೇ ಹೊರತು ವಿಮರ್ಶೆಗೆ ಯೋಗ್ಯವಾದ ಕೃತಿಯಲ್ಲವೆಂಬ ಭಾವನೆ ನಮ್ಮ ವಿದ್ವದ್ವಲಯದಲ್ಲಿ ಇಂದಿಗೂ ಉಳಿದುಬಂದಿದೆ. ಆದರೆ ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ಬೆಳಗಿನ ರೈಲಿನಲ್ಲಿ ಕುಳಿತವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಅಲ್ಲಿ ಪುಸ್ತಕ ಹಿಡಿದ ಕೈಗಳಿಗಿಂತ ದೂರವಾಣಿಯ ತೆರೆಯ ಮೇಲೆ ಆಟದಲ್ಲಿ ತೊಡಗಿದ ಕೈಗಳೇ ಹೆಚ್ಚು. ನಮ್ಮ ವಿದ್ಯಾರ್ಥಿಗಳ ಲೋಕದೃಷ್ಟಿಯನ್ನು ರೂಪಿಸುತ್ತಿರುವ ಈ ಮಾಧ್ಯಮವನ್ನು ಪರಿಶೀಲಿಸದೆ ಬಿಡುವುದು ಅಧ್ಯಾಪಕನಿಗೆ ಸಲ್ಲದು. ಇಂಥ ಆಟಗಳಲ್ಲಿ ಉತ್ತಮವಾದುವನ್ನು ಆರಿಸುವ ಪ್ರಶಸ್ತಿಗಳು ಯಾವ ಗುಣವನ್ನು ಮನ್ನಿಸುತ್ತವೆ, ಯಾವುದನ್ನು ಕೈಬಿಡುತ್ತವೆ ಎಂಬುದನ್ನು ಇತಿಹಾಸದ ದೃಷ್ಟಿಯಿಂದ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೊಡ್ಡ ಸಂಸ್ಥೆಗಳ ಬಂಡವಾಳವನ್ನು ಆಶ್ರಯಿಸದೆ ಒಬ್ಬರೋ ಕೆಲವರೋ ಕೂಡಿ ರಚಿಸುವ ಆಟಗಳಿಗೆ ‘ಸ್ವತಂತ್ರ ಆಟ’ಗಳೆಂದು ಹೆಸರು. ಇವುಗಳ ಪುರಸ್ಕಾರಕ್ಕಾಗಿ ಅಮೆರಿಕದಲ್ಲಿ ‘ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್’ 1998ರಲ್ಲಿ ಸ್ಥಾಪಿತವಾಯಿತು. 2000ದಲ್ಲಿ ಇದರ ಮಹಾಪ್ರಶಸ್ತಿಯನ್ನು ಪಡೆದ ಸ್ವಲ್ಪ ದಿನಗಳಲ್ಲಿಯೇ ತೀರಿಕೊಂಡ ಕೆನಡಾದ ತರುಣ ಶೇಮಸ್ ಮೆಕ್‌ನಾಲಿಯ ಹೆಸರನ್ನು ಆ ಪ್ರಶಸ್ತಿಗೆ ಇಡಲಾಗಿದೆ. 2009ರಿಂದ ಕೇವಲ ಪ್ರಯೋಗಶೀಲತೆಗೆಂದೇ ಪ್ರತ್ಯೇಕ ಬಹುಮಾನವೊಂದು ಸೇರಿತು. ‘ನುವೊವೊ’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ.

ಇಂಥ ಮನ್ನಣೆಯ ಅಗತ್ಯವೇನೆಂಬ ಪ್ರಶ್ನೆಗೆ ಇತಿಹಾಸದಲ್ಲಿಯೇ ಉತ್ತರವುಂಟು. ಭೂಮಿಯ ಏಕಸ್ವಾಮ್ಯದಿಂದ ಉಂಟಾಗುವ ಅನ್ಯಾಯವನ್ನು ತೋರಿಸಲೆಂದು ಎಲಿಜಬೆತ್ ಮೇಗಿ ಎಂಬಾಕೆ ರಚಿಸಿದ ಮಣೆಯಾಟಕ್ಕೆ 1904ರಲ್ಲಿ ಪೇಟೆಂಟ್ ದೊರೆಯಿತು. ಅದರಿಂದ ಹುಟ್ಟಿದ ‘ಮೊನಾಪಲಿ’ 1935ರಿಂದ ವ್ಯಾಪಾರಕ್ಕೆ ಬಂದಾಗ ಆಕೆಯ ಹೆಸರೂ ಉದ್ದೇಶವೂ ಮರೆಯಾದವು. ಅನ್ಯಾಯದ ನಿದರ್ಶನವಾಗಿದ್ದ ಆಟ ಧನಸಂಗ್ರಹದ ವಿನೋದವಾಗಿ ಮಾರ್ಪಟ್ಟಿತು. ಪ್ರಶಸ್ತಿಯ ದಾಖಲೆಯೊಂದಿದ್ದಲ್ಲಿ ಕರ್ತೃವಿನ ಹೆಸರಾದರೂ ಉಳಿಯುತ್ತಿತ್ತು. ಪ್ರಶಸ್ತಿಯ ಮೊದಲನೆಯ ಉಪಯೋಗ ಇದೇ.

ಎರಡನೆಯ ಉಪಯೋಗ ಇನ್ನೂ ಗಹನವಾದುದು. ಕಥೆ ಹೇಳುವುದು ಕಾದಂಬರಿಗೂ ಸಾಧ್ಯ, ದೃಶ್ಯ ತೋರಿಸುವುದು ಚಲಚ್ಚಿತ್ರಕ್ಕೂ ಸಾಧ್ಯ; ಆಟಕ್ಕೆ ಮಾತ್ರವೇ ವಿಶಿಷ್ಟವಾದುದು ಅದರ ನಿಯಮ. 2014ರಲ್ಲಿ ಮಹಾಪ್ರಶಸ್ತಿಯನ್ನು ಪಡೆದ ಲೂಕಸ್ ಪೋಪನ ‘ಪೇಪರ್ಸ್, ಪ್ಲೀಸ್’ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಆಡುವವನು ಕಲ್ಪಿತ ದೇಶವೊಂದರ ಗಡಿಯಲ್ಲಿ ರಹದಾರಿ ಪರೀಕ್ಷಿಸುವ ಅಧಿಕಾರಿ. ಎಷ್ಟು ಜನರ ಕಾಗದಗಳನ್ನು ತಪ್ಪಿಲ್ಲದೆ ನೋಡಿದನೋ ಅಷ್ಟೇ ಅವನಿಗೆ ಸಂಬಳ; ಆ ಸಂಬಳದಲ್ಲಿ ಮನೆಯವರ ಊಟ, ಔಷಧ, ಚಳಿಗಾಲದ ಬೆಂಕಿ ಎಲ್ಲವೂ ನಡೆಯಬೇಕು. ಕರುಣೆ ತೋರಿದರೆ ದಂಡ. ದಬ್ಬಾಳಿಕೆಯ ರಾಜ್ಯದಲ್ಲಿ ಸಾಮಾನ್ಯನು ಹೇಗೆ ಪಾಲುದಾರನಾಗುವನೆಂಬುದನ್ನು ಉಪದೇಶವಿಲ್ಲದೆ ಲೆಕ್ಕಾಚಾರವೊಂದೇ ಮನಗಾಣಿಸುತ್ತದೆ.

ನಮಗೆ ಇನ್ನೂ ಹತ್ತಿರವಾದುದು 2024ರಲ್ಲಿ ಅದೇ ಮಹಾಪ್ರಶಸ್ತಿಗೆ ಪಾತ್ರವಾದ ‘ವೆಣ್ಬಾ’. ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿಗಳ ಕಥೆ ಅದು. ಊರಿನಿಂದ ತಂದ ಅಡುಗೆಯ ಪುಸ್ತಕದಲ್ಲಿ ಅಕ್ಷರಗಳು ಅಲ್ಲಲ್ಲಿ ಮಾಸಿವೆ. ಉಳಿದ ಗುರುತುಗಳಿಂದ ಇಡ್ಲಿ ಮೊದಲಾದುವನ್ನು ಮಾಡುವ ಕ್ರಮವನ್ನು ಆಡುವವರೇ ಊಹಿಸಿ ಪೂರ್ಣಗೊಳಿಸಬೇಕು. ಅತ್ತ ಮಗನಿಗೆ ತಾಯ್ನುಡಿ ದೂರವಾಗುತ್ತ ಹೋಗುತ್ತದೆ. ಗಣಿಯ ಕೆಲಸಕ್ಕಾಗಿ ಉತ್ತರ ಆರ್ಕಾಟಿನ ಕಡೆಯಿಂದ ಬಂದವರ ಸಂತತಿ ನೆಲೆಸಿರುವ ಕೆ.ಜಿ.ಎಫ್.ನಲ್ಲಿ ಈ ವಸ್ತುವಿಗೆ ವ್ಯಾಖ್ಯಾನ ಬೇಕಿಲ್ಲ.

ಇಷ್ಟು ಗುಣವನ್ನು ಒಪ್ಪಿದ ಬಳಿಕ ದೋಷವನ್ನೂ ಹೇಳಬೇಕು. ಮೇಲ್ಕಂಡ ಉತ್ಸವದಲ್ಲಿ ವಿನ್ಯಾಸ, ಚಿತ್ರ, ಧ್ವನಿ, ಕಥನ ಎಂದು ಬಹುಮಾನಗಳ ವಿಭಾಗವುಂಟು. ಸತ್ಯಕ್ಕೆ ಪ್ರತ್ಯೇಕ ವಿಭಾಗವಿಲ್ಲ. ಕಲ್ಪಿತ ದೇಶದ ಕಥೆಗೆ ಅದು ಬೇಡವಾದೀತು, ಆದರೆ ನಿಜವಾದ ಊರಿನ ಕಥೆಗೆ ಬೇಕು. ಇದರ ಪರಿಣಾಮವೇನೆಂಬುದನ್ನು ಚಲಚ್ಚಿತ್ರದ ಮೂಲಕ ನಾವು ಕಂಡಿದ್ದೇವೆ. 2018ರ ‘ಕೆ.ಜಿ.ಎಫ್.’ ಚಿತ್ರಕ್ಕೆ ಸಾಹಸ ನಿರ್ದೇಶನ ಹಾಗೂ ವಿಶೇಷ ದೃಶ್ಯಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿಗಳು ಬಂದವು. ಆ ವಿಭಾಗಗಳಲ್ಲಿ ಅವು ಸಲ್ಲತಕ್ಕವೇ ಇರಬಹುದು. ಆದರೆ ಚಿತ್ರದ ನಾರಾಚಿ ಗಣಿ ಕಲ್ಪಿತ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ ನಡೆದ, ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ, 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯ ಚರಿತ್ರೆ ಅದರಲ್ಲಿಲ್ಲ. ಹೊರಗಿನವರಿಗೆ ಮಾತ್ರ ಊರಿನ ಹೆಸರು ಕೇಳಿದೊಡನೆ ನೆನಪಾಗುವುದು ಆ ಚಿತ್ರ.

ನಾಳೆ ನಮ್ಮ ವಿದ್ಯಾರ್ಥಿಯೊಬ್ಬನು ಈ ಗಣಿಯನ್ನು ಕುರಿತು ಆಟವೊಂದನ್ನು ರಚಿಸುವನೆಂದು ಭಾವಿಸೋಣ. 1930ರಲ್ಲಿ ಇಲ್ಲಿನ ಕಾರ್ಮಿಕರು ಬೆರಳಚ್ಚು ಸಹಿತವಾದ ನೋಂದಣಿಯನ್ನು ವಿರೋಧಿಸಿ ಮುಷ್ಕರ ಹೂಡಿದರು. ‘ಪೇಪರ್ಸ್, ಪ್ಲೀಸ್’ ಆಡಿದ ತರುಣನಿಗೆ ಆ ಮಾದರಿ ಕೂಡಲೆ ಹೊಳೆಯುತ್ತದೆ: ಆಡುವವನು ನೋಂದಣಿಯ ಗುಮಾಸ್ತ, ಸಾಲಿನಲ್ಲಿ ನಿಂತವರು ಕೂಲಿಗಳು, ತೆಗೆದುಕೊಂಡ ಬೆರಳಚ್ಚಿನ ಎಣಿಕೆಯೇ ಅಂಕ. ಅಂಥ ಆಟ ಪ್ರಶಸ್ತಿಯನ್ನೂ ಗಳಿಸಬಹುದು. ಆದರೂ ಇತಿಹಾಸದ ದೃಷ್ಟಿಯಿಂದ ಅದು ಸುಳ್ಳಾಗುತ್ತದೆ. ಏಕೆಂದರೆ ಆ ಮಾದರಿಯಲ್ಲಿ ನಿರ್ಧಾರವೆಲ್ಲ ಒಬ್ಬನ ಅಂತಃಸಾಕ್ಷಿಗೆ ಸೇರಿದುದು. 1930ರಲ್ಲಿ ನಡೆದುದಾದರೋ ಸಾವಿರಾರು ಜನ ಒಟ್ಟಾಗಿ ‘ಒಲ್ಲೆವು’ ಎಂದ ಘಟನೆ. ಸಾಲಿನಲ್ಲಿ ನಿಂತವರೇ ಇಲ್ಲಿ ಕರ್ತೃಗಳು. ಗುಮಾಸ್ತನ ಮೇಜಿನಿಂದ ನೋಡಿದಾಗ ಅವರು ಒಬ್ಬೊಬ್ಬರಾಗಿ ಮಾತ್ರ ಕಾಣುವರು, ಮುಷ್ಕರ ಕಾಣುವುದಿಲ್ಲ. ಪ್ರಶಸ್ತಿಪಡೆದ ರೂಪವನ್ನು ಎರವಲು ತಂದರೆ ಅದರೊಡನೆ ಅದರ ದೃಷ್ಟಿಯೂ ಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಆದುದರಿಂದ ಪ್ರಯೋಗವೆಂದರೆ ಹಿಂದೆ ಯಾರೂ ಮಾಡದುದನ್ನು ಮಾಡುವುದು ಎಂದಷ್ಟೇ ತಿಳಿಯಬಾರದು. ವಸ್ತುವಿನ ಸತ್ಯಕ್ಕೆ ತಕ್ಕ ನಿಯಮವನ್ನು ಕಂಡುಹಿಡಿಯುವುದೇ ಪ್ರಯೋಗ. ಒಬ್ಬನಿಂದ ಗೆಲ್ಲಲಾಗದ, ಪಕ್ಕದವನು ನಿಲ್ಲುವನೋ ಇಲ್ಲವೋ ಎಂದು ತಿಳಿಯದೆಯೇ ನಿಲ್ಲಬೇಕಾದ ಆಟವೊಂದು ಈ ಮುಷ್ಕರಕ್ಕೆ ಹೆಚ್ಚು ಒಪ್ಪುತ್ತದೆಯೆಂದು ಈ ಲೇಖಕನ ಅಭಿಪ್ರಾಯ.

ಕರ್ನಾಟಕ ಸರ್ಕಾರವು ಚಿತ್ರಸಂಚಲನ ಮತ್ತು ಗಣಕದ ಆಟಗಳ ಉದ್ಯಮಕ್ಕಾಗಿ 2012ರಲ್ಲಿಯೇ ನೀತಿಯನ್ನು ರೂಪಿಸಿತು. ಉದ್ಯಮಕ್ಕೆ ನೀತಿ ಬಂದಿದೆ. ವಿಮರ್ಶೆಯ ಹೊಣೆ ವಿಶ್ವವಿದ್ಯಾನಿಲಯದ್ದು. ತೀರ್ಪುಗಾರರು ಕೇಳದ ಪ್ರಶ್ನೆಯನ್ನು, ಎಂದರೆ ಈ ನಿಯಮಕ್ಕೆ ಪ್ರಮಾಣವೇನು ಎಂಬುದನ್ನು, ತರಗತಿಯಲ್ಲಿ ಕೇಳುವುದು ಇತಿಹಾಸದ ಅಧ್ಯಾಪಕರ ಕರ್ತವ್ಯ. ಹಾಗೆ ಕೇಳಿಸಿಕೊಂಡ ವಿದ್ಯಾರ್ಥಿಗೆ ಬಹುಮಾನ ಬಾರದಿದ್ದರೂ ತನ್ನ ಅಜ್ಜ ದುಡಿದ ಗಣಿಯನ್ನು ಮತ್ತೊಬ್ಬರ ಕಲ್ಪನೆಗೆ ಒಪ್ಪಿಸಿ ಕುಳಿತುಕೊಳ್ಳುವ ಗತಿ ಬಾರದು.