ಬಿರುಕಿನ ಮೇಲಿನ ಬೆಸುಗೆ

ಕನ್ನಡದಲ್ಲಿ 'ಬೆಸುಗೆ' ಅನ್ನೋ ಮಾತು ಬಹಳ ಅಗ್ಗವಾಗಿದೆ. ಮಂತ್ರಿಗಳು ಮನಸ್ಸು ಮನಸ್ಸುಗಳ ಬೆಸುಗೆ ಅನ್ನುತ್ತಾರೆ. ಭಾವಗೀತೆಯ ಕವಿಗಳು ಹೃದಯಗಳ ಬೆಸುಗೆ ಅನ್ನುತ್ತಾರೆ. ಸಾಮರಸ್ಯದ ಸಭೆಯಲ್ಲಿ ಜಾತಿ ಜಾತಿಗಳ ಬೆಸುಗೆ ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತೆ. ಬೆಳಗಾದರೆ ಕೇರಿ ಕೇರಿಯಾಗೇ ಇರುತ್ತೆ. ಇತ್ತ ನಮ್ಮ ಬಂಡಾಯದ ಕವಿತೆಗಳಲ್ಲಿ ಬೆಸುಗೆ ಇಲ್ಲ, ಬರೀ ಬೆಂಕಿ. ಪುಟಕ್ಕೆ ನಾಲ್ಕು ಕಡೆ ಕೆಂಡ, ಕಿಡಿ, ಜ್ವಾಲೆ.

ಈ ಬೆಸುಗೆ ಮತ್ತು ಬೆಂಕಿ ಎರಡನ್ನೂ ದಿನಾ ಕೈಯಲ್ಲಿ ಹಿಡಿದು ದುಡಿಯೋನು ಒಬ್ಬನಿದ್ದಾನೆ: ಕಾರ್ಖಾನೆಯ ಮೇಂಟೆನೆನ್ಸ್ ವೆಲ್ಡರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ದುಡಿಯೋ ಜನರ ಅನುಭವ ಸಾಹಿತ್ಯವಾಗಬೇಕು ಅಂತ ಹಿರಿಯರು ಕೇಳಿದರು. ದಲಿತ ಸಂಘರ್ಷ ಸಮಿತಿ 1970ರ ದಶಕದಲ್ಲಿ ಬೇರು ಬಿಟ್ಟದ್ದು ಕಬ್ಬಿಣದ ಊರಾದ ಭದ್ರಾವತಿಯಲ್ಲೇ. ಆದರೂ ನಮ್ಮ ಕಾವ್ಯದಲ್ಲಿ ಈ ವೆಲ್ಡರಿನ ಅನುಭವ ಎಷ್ಟು ಬಂದಿದೆ? ಅವನ ನೋವು ಅಲ್ಲಲ್ಲಿ ಬಂದಿರಬಹುದು. ಅವನ ತಿಳಿವಳಿಕೆ ಬಂದಿಲ್ಲ. ನೋವಿರೋನಿಗೆ ತಿಳಿವಳಿಕೆಯೂ ಇರುತ್ತೆ ಅನ್ನೋದನ್ನು ನಮ್ಮ ವಿಮರ್ಶೆ ಇನ್ನೂ ಒಪ್ಪಿದಂತಿಲ್ಲ.

ಬೆಸುಗೆಯನ್ನೇ ಮೊದಲು ನೋಡೋಣ. ಒಂದು ಪಂಪಿನ ಬೀಡು ಕಬ್ಬಿಣದ ಕವಚ ಬಿರುಕು ಬಿಟ್ಟಿದೆ ಅಂದುಕೊಳ್ಳಿ. ಕೆಲಸ ಬಲ್ಲ ವೆಲ್ಡರು ಕೂಡಲೇ ರಾಡು ಹಚ್ಚೋದಿಲ್ಲ. ಮೊದಲು ಎಣ್ಣೆ, ಜಿಡ್ಡು, ತುಕ್ಕು ತೆಗೆಯುತ್ತಾನೆ. ಬಿರುಕು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಹುಡುಕುತ್ತಾನೆ. ಎರಡೂ ತುದಿಗೆ ಡ್ರಿಲ್ಲು ಹಾಕಿ ಸಣ್ಣ ತೂತು ಕೊರೆಯುತ್ತಾನೆ. ಇಲ್ಲದಿದ್ದರೆ ಶಾಖಕ್ಕೆ ಬಿರುಕು ಮುಂದಕ್ಕೆ ಓಡುತ್ತೆ. ಆಮೇಲೆ ಗ್ರೈಂಡರಿನಲ್ಲಿ ಬಿರುಕನ್ನು ಬುಡದವರೆಗೂ ಬಿಡಿಸಿ ಕಾಲುವೆಯಂತೆ ತೆರೆಯುತ್ತಾನೆ. ನಿಕ್ಕಲ್ ರಾಡಿನಲ್ಲಿ ಒಂದೊಂದು ಅಂಗುಲ ಮಾತ್ರ ಬೆಸೆದು, ಬಿಸಿ ಇದ್ದಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಲೋಹ ಆರುವಾಗ ಕುಗ್ಗಿ ಎಳೆಯೋ ಎಳೆತ ಆ ಪೆಟ್ಟಿಗೆ ಸಡಿಲವಾಗುತ್ತೆ. ಕಾಯಿಸಿ ಬೆಸೆದದ್ದಾದರೆ ಕೊನೆಗೆ ಬೂದಿಯಲ್ಲೋ ಒಣ ಮರಳಲ್ಲೋ ಮುಚ್ಚಿ ನಿಧಾನಕ್ಕೆ ಆರಲು ಬಿಡುತ್ತಾನೆ.

ಇದ್ಯಾವುದೂ ಇಲ್ಲದೆ ಬಿರುಕಿನ ಮೇಲೆ ಒಂದು ಗೆರೆ ಎಳೆದರೂ ನೋಡೋಕೆ ಚೆಂದವೇ. ಬಣ್ಣ ಹೊಡೆದರೆ ಇನ್ನೂ ಚೆಂದ. ಆದರೆ ಬುಡದ ಬಿರುಕು ಹಾಗೇ ಇರುತ್ತೆ, ಪಕ್ಕದಲ್ಲಿ ಹೊಸದೊಂದು ಬಾಯಿ ಬಿಡುತ್ತೆ. ಸಾಮರಸ್ಯದ ಭಾಷಣಗಳು ಮಾಡೋದು ಇದನ್ನೇ. ಬಿರುಕನ್ನು ಬುಡದವರೆಗೂ ತೆರೆಯೋರನ್ನು ಅವರು ಒಡೆಯೋರು ಅಂತ ಕರೆಯುತ್ತಾರೆ. ತೆರೆಯದೆ ಬೆಸುಗೆ ಇಲ್ಲ ಅನ್ನೋದು ರಿಪೇರಿ ಶೆಡ್ಡಿನ ಹುಡುಗನಿಗೂ ಗೊತ್ತು.

ಈಗ ಬೆಂಕಿಗೆ ಬರೋಣ. ಗ್ಯಾಸ್ ಕಟ್ಟರು ಉಕ್ಕನ್ನು ಕರಗಿಸಿ ಕತ್ತರಿಸುತ್ತೆ ಅಂತ ಓದಿದೋರೂ ನಂಬಿದ್ದಾರೆ. ಹಾಗಲ್ಲ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಕಟ್ಟರಿನವನು ಅದನ್ನು 900 ಡಿಗ್ರಿ ಆಸುಪಾಸಿಗೆ, ನಿಗಿನಿಗಿ ಕೆಂಪಾಗೋವರೆಗೆ ಕಾಯಿಸಿ, ಆಮೇಲೆ ಲಿವರ್ ಒತ್ತಿ ಶುದ್ಧ ಆಕ್ಸಿಜನ್ ಬಿಡುತ್ತಾನೆ. ಆಗ ಕಬ್ಬಿಣವೇ ಉರಿಯುತ್ತೆ. ಉರಿದ ಶಾಖ ಮುಂದಿನ ಕಬ್ಬಿಣವನ್ನು ಕಾಯಿಸುತ್ತೆ, ಉರಿದ ಕಿಟ್ಟವನ್ನು ಗಾಳಿ ಕೆಳಕ್ಕೆ ತಳ್ಳುತ್ತೆ. ಇದೇ ಕಟ್ಟರು ಸ್ಟೇನ್‌ಲೆಸ್ ಸ್ಟೀಲಿನ ಮುಂದೆ ಸೋಲುತ್ತೆ. ಅದರ ಕ್ರೋಮಿಯಂ ಕಟ್ಟೋ ಪೊರೆ ಸುಲಭಕ್ಕೆ ಕರಗದೆ ಒಳಗಿನ ಲೋಹವನ್ನು ಕಾಯುತ್ತೆ. ಅದಕ್ಕೆ ಪ್ಲಾಸ್ಮಾ ಬೇಕು. ಎಲ್ಲ ಲೋಹಕ್ಕೂ ಒಂದೇ ಬೆಂಕಿ ನಡೆಯಲ್ಲ. ಜಮೀನ್ದಾರನ ಮೇಲೂ ಅದೇ ಬೆಂಕಿ, ಬ್ಯಾಂಕಿನ ಮೇಲೂ ಅದೇ ಬೆಂಕಿ, ಪುರೋಹಿತನ ಮೇಲೂ ಅದೇ ಬೆಂಕಿ ಉಗುಳೋ ಕವಿತೆ ಯಾವುದನ್ನೂ ಕತ್ತರಿಸಲ್ಲ. ಎದುರಿಗಿರೋದು ಎಂಥ ಲೋಹ ಅಂತ ಆ ಕವಿತೆ ನೋಡೇ ಇರೋದಿಲ್ಲ.

ಹಾಗಂತ ವೆಲ್ಡರನ್ನೂ ಒಂದು ಪ್ರತಿಮೆ ಮಾಡಿ ಗೋಡೆಗೆ ನೇತುಹಾಕಿದರೆ ನಮಗೂ ನವ್ಯರಿಗೂ ವ್ಯತ್ಯಾಸ ಉಳಿಯಲ್ಲ. ಅವನಿಗೊಂದು ಮೈ ಇದೆ. ಕಬ್ಬಿನ ಮಿಲ್ಲಿನಲ್ಲಿ ರೋಲರಿನ ಹಲ್ಲು ಸವೆದು ನುಣುಪಾದರೆ ಕಬ್ಬು ಜಾರುತ್ತೆ. ಆಗ ಮಿಲ್ಲು ತಿರುಗುತ್ತಿರುವಾಗಲೇ, ರಸ ಸಿಡಿಯುತ್ತಿರುವಾಗಲೇ, ವೆಲ್ಡರು ಹತ್ತಿರ ನಿಂತು ಹಲ್ಲಿನ ಮೇಲೆ ಗಟ್ಟಿ ಲೋಹದ ಹನಿ ಹನಿ ಇಟ್ಟು ಒರಟು ಮಾಡುತ್ತಾನೆ. ಇದಕ್ಕೆ ಆರ್ಕಿಂಗ್ ಅಂತಾರೆ. ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಅಂದಿನಿಂದ ಸಕ್ಕರೆಯ ಸಿಹಿ ಬಗ್ಗೆ ಎಷ್ಟೊಂದು ಬರೆದಿದ್ದೇವೆ, ಆ ಹನಿ ಇಡೋ ಕೈ ಬಗ್ಗೆ ಎಷ್ಟು ಬರೆದಿದ್ದೇವೆ? ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರೋ ವಸ್ತುಗಳ ಗುಂಪಿಗೆ ಸೇರಿಸಿತು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಅದೇ ಹೊಗೆ ಕುಡಿಯೋ ಹುಡುಗರಿಗೆ ಈ ಸುದ್ದಿಯನ್ನು ಅವರ ಮಾತಿನಲ್ಲಿ ಯಾರು ಹೇಳಬೇಕು?

ನಮ್ಮಂಥೋರ ಮನೆಗಳಲ್ಲಿ ಒಬ್ಬ ಮೊದಲ ಸಲ ಡಿಗ್ರಿ ಕಂಡರೆ ಇನ್ನೊಬ್ಬ ಐ.ಟಿ.ಐ. ಸೇರುತ್ತಾನೆ. ವೆಲ್ಡರ್ ಟ್ರೇಡು ಒಂದು ವರ್ಷದ್ದು. ಅವನ ಕೈಗೆ ಬರೋ ಕೈಪಿಡಿಗಳನ್ನು ನಾವೂ ತಿರುವಿ ನೋಡಿದ್ದೇವೆ. ತುಂಬಾ ಆಜ್ಞೆಗಳಿವೆ: ಹೀಗೆ ಮಾಡು, ಹಾಗೆ ಮಾಡಬೇಡ. ಕಾರಣ ಕಡಿಮೆ. ಕಾರಣ ಮೇಲಿನೋರಿಗೆ, ಆಜ್ಞೆ ಕೆಳಗಿನೋರಿಗೆ ಅನ್ನೋ ಹಂಚಿಕೆ ನಮಗೆ ಹೊಸದಲ್ಲ. ಜಾತಿ ಹಂಚಿದ್ದು ಬರೀ ಕೆಲಸವನ್ನಲ್ಲ, ದುಡಿಯೋ ಮನುಷ್ಯರನ್ನೇ ಮೇಲು ಕೀಳಾಗಿ ಒಡೆಯಿತು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದ್ದರು. ಕೈಪಿಡಿಯ ವಾಕ್ಯರಚನೆಯಲ್ಲೂ ಆ ಒಡಕು ಕಾಣುತ್ತೆ.

ಕಾರಣ ಗೊತ್ತಾದರೆ ಏನಾಗುತ್ತೆ ನೋಡಿ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ ಮುಟ್ಟಿಸಬಾರದು: ಒತ್ತಡದ ಆಕ್ಸಿಜನ್ನಿನಲ್ಲಿ ಎಣ್ಣೆ ತಾನೇ ಹೊತ್ತಿಕೊಂಡು ಸಿಡಿಯಬಹುದು. ಅಸಿಟಲೀನ್ ಸಿಲಿಂಡರು ಮಲಗಿಸಿ ಬಳಸಬಾರದು: ಗ್ಯಾಸನ್ನು ಹಿಡಿದಿಟ್ಟ ಅಸಿಟೋನ್ ಹೊರಕ್ಕೆ ಬರುತ್ತೆ. ಅರ್ಥಿಂಗ್ ಕ್ಲಾಂಪನ್ನು ಬೆಸೆಯೋ ಜಾಗದ ಹತ್ತಿರವೇ ಹಾಕಬೇಕು: ದೂರ ಹಾಕಿದರೆ ಕರೆಂಟು ಬೇರಿಂಗಿನ ಒಳಗೆ ಹಾದು ಅದನ್ನು ಸುಡುತ್ತೆ, ನಾಲ್ಕು ದಿನ ಬಿಟ್ಟು ಬೇರಿಂಗು ಹೋದಾಗ ಬೈಗುಳ ಫಿಟ್ಟರಿಗೆ. 7018 ರಾಡು ಒಣಗಿರಬೇಕು: ತೇವದಿಂದ ಹೈಡ್ರೋಜನ್ ಒಳಹೊಕ್ಕರೆ ಗಟ್ಟಿ ಉಕ್ಕಿನಲ್ಲಿ ಒಂದೆರಡು ದಿನದ ಮೇಲೆ ಬಿರುಕು ಬರಬಹುದು.

'ಡೀಸೆಲ್ ಡ್ರಮ್ಮು ಖಾಲಿ ಇದೆ, ಹಚ್ಚಲೇ' ಅಂತ ಸೂಪರ್‌ವೈಸರ್ ಅಂದಾಗ ಆಜ್ಞೆ ಮಾತ್ರ ಕಲಿತೋನು ಹಚ್ಚುತ್ತಾನೆ. ಖಾಲಿ ಡ್ರಮ್ಮಿನಲ್ಲಿ ಉಳಿದಿರೋ ಆವಿ ಗಾಳಿ ಜೊತೆ ಸೇರಿ ಸಿಡಿಯುತ್ತೆ, ತುಂಬಿದ್ದಕ್ಕಿಂತ ಖಾಲಿಯದ್ದೇ ಅಪಾಯ ಅಂತ ತಿಳಿದೋನು 'ಮೊದಲು ತೊಳೆಸಿ, ನೀರು ತುಂಬಿಸಿ ಸಾರ್, ಆಮೇಲೆ' ಅನ್ನುತ್ತಾನೆ. ಆ ಮಾತು ಯಾವ ಕವನ ಸಂಕಲನದಲ್ಲೂ ಇಲ್ಲ. ನಮ್ಮ ಪ್ರಕಾರ ಅದೇ ಬಂಡಾಯ. ಅದಕ್ಕೆ ಧೈರ್ಯದಷ್ಟೇ ತಿಳಿವಳಿಕೆಯೂ ಬೇಕು.

ಗೆಳೆಯರೆ, ಹಳ್ಳಿ ಶಾಲೆಯ ಮೇಷ್ಟ್ರುಗಳೆ, ನಿಮ್ಮ ಊರಿನಲ್ಲೂ ಒಬ್ಬ ವೆಲ್ಡರ್ ಇದ್ದಾನೆ. ಅವನನ್ನು ಕೂರಿಸಿ ಕೇಳಿ: ಯಾವ ಲೋಹಕ್ಕೆ ಯಾವ ರಾಡು, ಯಾಕೆ, ಯಾವ ಕೆಲಸಕ್ಕೆ ಇಲ್ಲ ಅಂದೆ, ಯಾಕೆ. ಅವನ ಮಾತಿನಲ್ಲೇ ಬರೆದುಕೊಳ್ಳಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ.ಗೆ ಹೊರಟಿರೋ ಹುಡುಗರಿಗೆ ಓದಿ ಹೇಳಿ. ಇಂಥ ಬರಹಕ್ಕೂ ನಮ್ಮ ಪತ್ರಿಕೆಗಳು ಕವಿತೆಗೆ ಕೊಡುವಷ್ಟೇ ಜಾಗ ಕೊಡಬೇಕು.