ಬಾಲಚರಿತ್ರೆಯಲ್ಲಿ ರಸವೂ ಪ್ರಮಾಣವೂ: ಓಬವ್ವನ ಕಥೆಯನ್ನು ಕುರಿತ ವಿಮರ್ಶೆ

ಚರಿತ್ರೆಯನ್ನು ಬಾಲಕರಿಗೆ ರುಚಿಸುವಂತೆ ಹೇಳಬೇಕೆಂಬುದರಲ್ಲಿ ವಿವಾದವಿಲ್ಲ. ಶಾಸ್ತ್ರವನ್ನು ಕಥೆಯ ನೆವದಿಂದ ಬೋಧಿಸುವ ಪಂಚತಂತ್ರದ ಮಾರ್ಗವನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದನು. ಆದರೆ ನೀತಿಕಥೆಗೂ ಚರಿತ್ರೆಗೂ ಒಂದು ಭೇದವುಂಟು. ಸಿಂಹವೂ ಎತ್ತೂ ಮಾತನಾಡಿದುವೆಂದರೆ ಮಗುವು ಅದನ್ನು ಕಲ್ಪನೆಯೆಂದು ತಿಳಿದೇ ಆನಂದಿಸುವುದು. ಚರಿತ್ರೆಯಲ್ಲಿಯಾದರೋ 'ಇದು ನಡೆಯಿತು' ಎಂಬ ನಂಬಿಕೆಯೇ ರಸಕ್ಕೆ ಆಧಾರ. ಆ ನಂಬಿಕೆಗೆ ಚ್ಯುತಿ ಬಾರದಂತೆ ರಂಜಿಸುವುದು ಹೇಗೆಂಬುದೇ ಇಲ್ಲಿಯ ಪ್ರಶ್ನೆ. ಒನಕೆ ಓಬವ್ವನ ಕಥೆಯು ಇದಕ್ಕೆ ತಕ್ಕ ಉದಾಹರಣೆಯಾಗಿರುವುದು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರು ಓಬವ್ವನನ್ನು ತಮ್ಮೂರ ಮಗಳೆಂದು ಹೇಳಿಕೊಳ್ಳುವರು. ಬಂಡೆಗಲ್ಲುಗಳ ಗುಡ್ಡದ ಮೇಲೆ ಪಾಳೆಯಗಾರರ ಕೋಟೆಯಿರುವ ಈ ಊರು ಆಕೆಯ ತವರೆಂದೂ, ಚಿತ್ರದುರ್ಗದ ಕೋಟೆಯಲ್ಲಿ ಕಹಳೆ ಊದುತ್ತಿದ್ದ ಮುದ್ದಹನುಮನಿಗೆ ಆಕೆಯನ್ನು ಕೊಟ್ಟಿದ್ದರೆಂದೂ ಐತಿಹ್ಯ. ಗಂಡನು ಊಟಕ್ಕೆ ಕುಳಿತಿದ್ದಾಗ ಆಕೆಯು ನೀರಿಗೆ ಹೋದಳು, ಕಲ್ಲಿನ ಸಂದಿಯಲ್ಲಿ ಹೈದರನ ಸೈನಿಕರು ನುಸುಳುವ ಸದ್ದನ್ನು ಕೇಳಿದಳು, ಒನಕೆಯನ್ನು ತಂದು, ತಲೆ ತೂರಿಸಿದವರನ್ನು ಒಬ್ಬೊಬ್ಬರಾಗಿ ಹೊಡೆದು ಪಕ್ಕಕ್ಕೆಳೆದಳು, ಅಂದೇ ಮಡಿದಳು. ಶತ್ರುವಿನ ಕೈಯಿಂದ ಮಡಿದಳೆಂದು ಕೆಲವರು, ಆಘಾತದಿಂದ ಪ್ರಾಣ ಹೋಯಿತೆಂದು ಕೆಲವರು ಹೇಳುವರು. ಆ ಸಂದಿಯನ್ನು ಚಿತ್ರದುರ್ಗದಲ್ಲಿ ಇಂದಿಗೂ ಓಬವ್ವನ ಕಿಂಡಿಯೆಂದು ತೋರಿಸುತ್ತಾರೆ.

ಇನ್ನು ಪ್ರಮಾಣದ ವಿಚಾರ. ಹೈದರನು ದುರ್ಗದ ಮೇಲೆ ಹಲವು ಸಲ ಏರಿಬಂದುದೂ, ೧೭೭೭ರ ಮುತ್ತಿಗೆಯು ಫಲಿಸದೆ ಹೋದುದೂ, ೧೭೭೯ರಲ್ಲಿ ಕೋಟೆಯು ಬಿದ್ದು ಮದಕರಿನಾಯಕನು ಸೆರೆಯಾದುದೂ ಚರಿತ್ರೆಯಿಂದ ಸಿದ್ಧವಾದ ಸಂಗತಿಗಳು. ಓಬವ್ವನ ಸಾಹಸವು ಯಾವ ಮುತ್ತಿಗೆಯಲ್ಲಿ ನಡೆಯಿತೆಂಬುದನ್ನು ಐತಿಹ್ಯವು ಏಕಕಂಠದಿಂದ ಹೇಳದು. ಮುತ್ತಿಗೆಯನ್ನು ವರ್ಣಿಸಿದ ವಿಲ್ಕ್ಸನ ಗ್ರಂಥದಲ್ಲಿ ಆಕೆಯ ಹೆಸರಿಲ್ಲ. ಇಷ್ಟರಿಂದ ಕಥೆಯು ಸುಳ್ಳೆಂದು ನಿರ್ಣಯಿಸುವುದು ಸರಿಯಲ್ಲ. ನವಾಬರ, ನಾಯಕರ ಹೆಸರನ್ನು ಬರೆದಿಟ್ಟ ಲೇಖನಿಯು ಕಾವಲುಗಾರನ ಹೆಂಡತಿಯನ್ನು, ಅದರಲ್ಲಿಯೂ ಛಲವಾದಿ ಕುಲದವಳನ್ನು, ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದರಲ್ಲಿ ಆಶ್ಚರ್ಯವೇನು? ಆದರೂ ಲಿಖಿತಪ್ರಮಾಣವು ಬೇರೆ, ಐತಿಹ್ಯಪ್ರಮಾಣವು ಬೇರೆ. ಎರಡನ್ನೂ ಕಲಸಿ ಬಾಲಕರಿಗೆ ಉಣಿಸುವುದು ಯುಕ್ತವಲ್ಲ.

ಪ್ರಚಾರದಲ್ಲಿರುವ ಕಥನಗಳಲ್ಲಿ ಈ ಕಲಬೆರಕೆಯೇ ಹೆಚ್ಚಾಗಿ ಕಾಣುವುದು. ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ತೆಗೆದ 'ನಾಗರಹಾವು' (೧೯೭೨) ಚಲಚ್ಚಿತ್ರದಲ್ಲಿ ಜಯಂತಿಯವರು ಓಬವ್ವನ ಪಾತ್ರವನ್ನು ವಹಿಸಿದರು. ಅಂದಿನಿಂದ ಕನ್ನಡದ ಮಕ್ಕಳ ಮನಸ್ಸಿನಲ್ಲಿ ಓಬವ್ವನೆಂದರೆ ಆ ರೂಪವೇ. ಚಲಚ್ಚಿತ್ರವು ಕಾವ್ಯದ ಜಾತಿಗೆ ಸೇರಿದುದಾದುದರಿಂದ ಅದನ್ನು ಆಕ್ಷೇಪಿಸುವಂತಿಲ್ಲ. ಪಾಠ ಹೇಳುವವರು ಅದನ್ನೇ ಚರಿತ್ರೆಯೆಂದು ಹಿಡಿದಾಗ ದೋಷವುಂಟಾಗುವುದು. ೨೦೨೧ರಿಂದ ಕರ್ನಾಟಕ ಸರ್ಕಾರವು ನವೆಂಬರ್ ೧೧ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿರುವುದು ಶ್ಲಾಘ್ಯವೇ. ಆಚರಣೆಗೆ ಒಂದು ದಿನವು ಬೇಕಷ್ಟೆ. ಆಚರಣೆಯ ದಿನವು ಬೇರೆ, ದಾಖಲೆಯ ದಿನವು ಬೇರೆ ಎಂಬುದನ್ನು ಮಾತ್ರ ಉಪಾಧ್ಯಾಯರು ತಿಳಿಸಿಕೊಡಬೇಕು.

ಎರಡನೆಯ ದೋಷವು ಅತ್ಯುಕ್ತಿ. ಮಡಿದ ಸೈನಿಕರ ಸಂಖ್ಯೆಯು ಹೇಳುವವರ ಬಾಯಲ್ಲಿ ಬೆಳೆಯುತ್ತ ಹೋಗುವುದು. ಓಬವ್ವನ ಬಾಯಲ್ಲಿ ವೀರಭಾಷಣಗಳೂ ಹುಟ್ಟುವುವು. ಅನೌಚಿತ್ಯದಿಂದ ರಸಭಂಗವಾಗುವುದೆಂದು ಆನಂದವರ್ಧನನು ಹೇಳಿದ ಮರ್ಮವು ಇಲ್ಲಿ ಅನ್ವಯಿಸುವುದು. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ, ಅದೂ ಬಗ್ಗಿ ತಲೆಯನ್ನು ಮುಂದೆ ಮಾಡಿ, ಬರಬೇಕು. ಆದುದರಿಂದಲೇ ಒಬ್ಬಳು ಹಲವರನ್ನು ತಡೆಯುವುದು ಸಾಧ್ಯವಾಯಿತು. ಯುಕ್ತಿಯೆಲ್ಲವೂ ಕಲ್ಲಿನಲ್ಲಿದೆ. ಸದ್ದಾಗದಂತೆ ಹೊಡೆಯಬೇಕಾದವಳು ಭಾಷಣ ಮಾಡುವುದು ಹೇಗೆ? ಮಗುವಿಗೆ ಬೇಕಾದುದು ಭಾಷಣವಲ್ಲ, ವಸ್ತುಜ್ಞಾನ. ಹಿಟ್ಟಿನ ಗಿರಣಿಗಳು ಬಂದ ಮೇಲೆ ಒನಕೆಯನ್ನು ಕಾಣದ ಮಕ್ಕಳೇ ಹೆಚ್ಚು. ಅದು ಆಳೆತ್ತರದ ಮರದ ತುಂಡೆಂದೂ, ತುದಿಗೆ ಕಬ್ಬಿಣದ ಬಳೆಯುಂಟೆಂದೂ, ದಿನವೂ ಕುಟ್ಟಿ ಪಳಗಿದ ಹೆಂಗಸಿನ ತೋಳಿಗೆ ಅದರ ಏಟಿನ ಲೆಕ್ಕವು ಗೊತ್ತೆಂದೂ ತಿಳಿಸಿದರೆ ಅದ್ಭುತವು ತಾನಾಗಿಯೇ ಹುಟ್ಟುವುದು. ಬಂಡೆಗಳ ಸಂದಿಯಲ್ಲಿ ಆಡಿ ಬೆಳೆಯುವ ಗುಡೇಕೋಟೆಯ ಹುಡುಗನಿಗೆ ಕಿಂಡಿಯ ವಿಷಯವನ್ನು ಹೇಳಿಕೊಡಬೇಕಾದುದಿಲ್ಲ.

ಸಂಶಯವನ್ನು ಕಾಣಿಸಿದರೆ ಮಕ್ಕಳ ಉತ್ಸಾಹವು ಕುಂದುವುದೆಂಬುದು ಸಾಮಾನ್ಯವಾದ ಆಕ್ಷೇಪ. ಇದಕ್ಕೆ ಸ್ವಿಟ್ಜರ್ಲೆಂಡಿನ ದೃಷ್ಟಾಂತವು ಉತ್ತರ ಕೊಡುವುದು. ಮಗನ ತಲೆಯ ಮೇಲಿಟ್ಟ ಸೇಬನ್ನು ಬಾಣದಿಂದ ಹೊಡೆದ ವಿಲಿಯಂ ಟೆಲ್ಲನು ಆ ದೇಶದ ಬಾಲಕರ ವೀರ. ೧೨೯೧ರ ಒಡಂಬಡಿಕೆಯ ಪತ್ರದಲ್ಲಿ ಅವನ ಹೆಸರಿಲ್ಲ. ಅವನ ಕಥೆಯು ಕಾಣುವುದು ಸುಮಾರು ೧೪೭೦ರಲ್ಲಿ ಬರೆದ ಸಾರ್ನೆನ್ನಿನ ಶ್ವೇತಪುಸ್ತಕದಲ್ಲಿ. ಅದಕ್ಕೂ ಸುಮಾರು ಇನ್ನೂರೆಪ್ಪತ್ತು ವರ್ಷ ಹಿಂದೆ ಸಾಕ್ಸೋ ಎಂಬ ಡೆನ್ಮಾರ್ಕಿನ ಚರಿತ್ರಕಾರನು ಟೋಕೋ ಎಂಬುವನ ವಿಷಯದಲ್ಲಿ ಇಂತಹುದೇ ಸೇಬಿನ ಕಥೆಯನ್ನು ಬರೆದಿದ್ದನು. ಈ ಸಾಮ್ಯವನ್ನು ಎತ್ತಿ ತೋರಿಸಿದ ಕಿರುಪುಸ್ತಕವೊಂದು ೧೭೬೦ರಲ್ಲಿ ಹೊರಟಾಗ ಊರಿ ಪ್ರಾಂತದ ಅಧಿಕಾರಿಗಳು ಅದನ್ನು ಸುಡಿಸಿದರು. ಸುಟ್ಟರೂ ಸಂಶಯವು ಅಳಿಯಲಿಲ್ಲ. ಸಂಶಯದಿಂದ ಕಥೆಯೂ ಅಳಿಯಲಿಲ್ಲ. ೧೮೦೪ರಲ್ಲಿ ಷಿಲ್ಲರನು ಅದನ್ನು ನಾಟಕವಾಗಿಸಿದನು; ೧೮೯೫ರಲ್ಲಿ ಆಲ್ಟ್‌ಡಾರ್ಫ್ ಪಟ್ಟಣದಲ್ಲಿ ಟೆಲ್ಲನ ಪ್ರತಿಮೆಯು ನಿಂತಿತು. ಸತ್ತ್ವವುಳ್ಳ ಕಥೆಯು ವಿಮರ್ಶೆಗೆ ಅಂಜಬೇಕಾದುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಪ್ರಮಾಣಭೇದವನ್ನು ಸೂಚಿಸಲು ಅಡಿಟಿಪ್ಪಣಿಗಳೂ ಬೇಡ. ಭಾಷೆಯೇ ಆ ಸಾಧನವನ್ನು ಒದಗಿಸಿದೆ. ವಕ್ತೃವು ಕಾಣದ ಭೂತಕಾಲಕ್ಕೆ ಪಾಣಿನಿಯು ಲಿಟ್ ಎಂಬ ಪ್ರತ್ಯೇಕ ಲಕಾರವನ್ನು ವಿಧಿಸಿದನು. ಕೇಳಿದ ಮಾತೆಂದು ತಿಳಿಸಲು ಸಂಸ್ಕೃತದಲ್ಲಿ 'ಕಿಲ' ಎಂಬ ಅವ್ಯಯವುಂಟು. ಇತಿಹಾಸ ಶಬ್ದದ ನಡುವಣ 'ಹ' ಕಾರವೂ ಪರಂಪರೆಯಿಂದ ಬಂದ ಮಾತೆಂಬುದನ್ನೇ ಸೂಚಿಸುವುದು. ಕನ್ನಡದಲ್ಲಿ ಈ ಕೆಲಸವನ್ನೆಲ್ಲ 'ಅಂತೆ' ಎಂಬ ಎರಡಕ್ಷರವು ಮಾಡುವುದು. 'ಹೈದರನು ದುರ್ಗವನ್ನು ಮುತ್ತಿದನು. ಓಬವ್ವ ನೀರಿಗೆ ಹೋದಳಂತೆ. ಕಲ್ಲಿನ ಸಂದಿಯಲ್ಲಿ ಸದ್ದು ಕೇಳಿತಂತೆ' ಎಂದರೆ, ದಾಖಲೆಯು ಎಲ್ಲಿ ನಿಂತಿತು, ಐತಿಹ್ಯವು ಎಲ್ಲಿ ಮೊದಲಾಯಿತು ಎಂಬುದು ಮಗುವಿಗೆ ಅರಿವಿಲ್ಲದೆಯೇ ತಿಳಿಯುವುದು. ಅಜ್ಜಿಯರ ಕಥೆಗಳಲ್ಲಿ ಕ್ರಿಯಾಪದವೆಲ್ಲ 'ಅಂತೆ' ಎಂದೇ ಮುಗಿಯುವುದಾದರೂ ಅವುಗಳನ್ನು ಕೇಳಿ ಬೇಸತ್ತ ಮಗುವಿಲ್ಲ. ಪಾಠಪುಸ್ತಕಗಳ ಗ್ರಾಂಥಿಕ ಶೈಲಿಯು ಈ ಅಕ್ಷರಗಳನ್ನು ಗ್ರಾಮ್ಯವೆಂದು ಬಿಟ್ಟುಬಿಟ್ಟುದರಿಂದ ಎಲ್ಲ ವಾಕ್ಯಗಳೂ ಒಂದೇ ನಿಶ್ಚಯದ ಧ್ವನಿಯಲ್ಲಿ ನುಡಿಯುವುವು.

ದಾಖಲೆಯಲ್ಲಿ ರಸವಿಲ್ಲವೆಂಬುದೂ ಭ್ರಾಂತಿ. ಪ್ರತಿ ಸೋಮವಾರವೂ ದೇವಿಯ ಪೂಜೆ ಮುಗಿದೊಡನೆ ಕೋಟೆಯೊಳಗೆ ಕೊಂಬು ಮೊಳಗುತ್ತಿದ್ದಿತೆಂದೂ, ಬೇಡರು ಹೊರಬೀಳುವರೆಂದು ಮುತ್ತಿದವರಿಗೆ ತಿಳಿದಿದ್ದರೂ ಎಲ್ಲಿಂದ ಬೀಳುವರೆಂಬುದು ತಿಳಿಯುತ್ತಿರಲಿಲ್ಲವೆಂದೂ, ಕೋಟೆಯು ಬಿದ್ದ ಮೇಲೆ ಗುಡಿಯ ಮುಂದೆ ಸುಮಾರು ೨,೦೦೦ ರುಂಡಗಳು ರಾಶಿರಾಶಿಯಾಗಿ ಕಂಡುವೆಂದೂ ವಿಲ್ಕ್ಸನು ಬರೆದಿರುವನು. ಕೊಂಬಿನ ಈ ವೃತ್ತಾಂತವನ್ನು ಓದಿದವರಿಗೆ ಕಹಳೆಯವನ ಕೆಲಸವು ಎಂತಹುದೆಂಬುದು ಬೇರೆಯೇ ಬೆಳಕಿನಲ್ಲಿ ಕಾಣುವುದು. ರೈಸನ ಗ್ಯಾಸೆಟಿಯರಿನಿಂದ ತಿಳಿಯುವ ಇನ್ನೊಂದು ಸಂಗತಿಯು ಬಾಲಕರಿಗೆ ನೇರವಾಗಿ ಸಂಬಂಧಿಸಿದುದು: ೧೭೭೯ರಲ್ಲಿ ಸುಮಾರು ೨೦,೦೦೦ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಚೇಲಾ ಎಂಬ ದಂಡುಗಳಿಗೆ ಸೇರಿಸಿದರು. ತಮ್ಮ ವಯಸ್ಸಿನ ಹುಡುಗರ ಈ ದುರ್ದೆಸೆಯನ್ನು ಯಾವ ಚಿತ್ರಪುಸ್ತಕದ ಓದುಗನು ತಾನೇ ಉದಾಸೀನದಿಂದ ಓದುವನು? ವಿಜಯದ ಕಥೆಯನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ವೀರವು ಉಳಿದರೂ ಕರುಣವು ಕಳೆದುಹೋಗುವುದು. ಶತ್ರುವಿನ ದಂಡಿನಲ್ಲಿಯೂ ಇಂತಹ ಮಕ್ಕಳೇ ಬೆಳೆದು ನಿಂತಿದ್ದರೆಂಬ ವಿವೇಕವೂ ಹುಟ್ಟದು.

ರಾಗದ್ವೇಷಗಳನ್ನು ಬಿಟ್ಟು ನ್ಯಾಯಾಧಿಕಾರಿಯಂತೆ ನಡೆದುದನ್ನು ಹೇಳುವವನೇ ಶ್ಲಾಘ್ಯನೆಂದು ಕಲ್ಹಣನ ಮತ. ಬಾಲಕರಿಗಾಗಿ ಬರೆಯುವವನಿಗೆ ಈ ನಿಯಮದಿಂದ ವಿನಾಯಿತಿಯಿಲ್ಲ. ಅವನ ಹೊಣೆಯು ಇನ್ನೂ ಹೆಚ್ಚಿನದು. ಬೆಳೆದ ಓದುಗನು ಒಂದು ಗ್ರಂಥದ ತಪ್ಪನ್ನು ಮತ್ತೊಂದರಿಂದ ತಿದ್ದಿಕೊಳ್ಳುವನು. ಎಳೆಯ ಓದುಗನಾದರೋ, ನಿಶ್ಚಯವೆಂದು ಕಲಿತುದು ಮುಂದೆ ಅನಿಶ್ಚಯವೆಂದು ತಿಳಿದಾಗ, ಐತಿಹ್ಯದೊಡನೆ ಚರಿತ್ರೆಯನ್ನೂ ತೊರೆಯುವನು. ಆಗ ನಷ್ಟವಾಗುವುದು ಓಬವ್ವನಿಗೇ. ಬರೆದಿಡುವವರಿಲ್ಲದಿದ್ದರೂ ಜನರ ಬಾಯಲ್ಲಿ ಎರಡು ಶತಮಾನಗಳಿಗೂ ಮಿಕ್ಕು ಬಾಳಿದ ಹೆಸರು ಅದು. ಅದನ್ನು ಜನರು ಹೇಳಿದಂತೆಯೇ, 'ಅಂತೆ'ಯೆಂಬ ಪ್ರಾಮಾಣಿಕತೆಯೊಡನೆ, ಮುಂದಿನವರಿಗೆ ಮುಟ್ಟಿಸುವುದು ಬಾಲಗ್ರಂಥಕರ್ತರ ಕರ್ತವ್ಯ.